ಏಳು ನೀರಿನ ಗೆಣಸು

ನಮ್ಮ ಜವರಯ್ಯ ಮೇಷ್ಟ್ರು ಯಾವ ಪದಾರ್ಥವನ್ನೂ ಅದರ ಪಾಡಿಗೆ ಇರಲು ಬಿಡುವ ಮನುಷ್ಯನಲ್ಲ. ಊಟಕ್ಕೆ ಕೂತರೆ ಬೆರಕೆ ಸೊಪ್ಪಿನ ಸಾರಿಗೆ ಬೆರಳು ಹಾಕಿ, ಇದು ಅಣ್ಣೆ, ಇದು ಗೋಣಿ, ಇದು ಕಿರಕೀಲೆ ಎಂದು ಬೆಂದ ಎಲೆಯನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು, ಆಮೇಲೆ ತಿನ್ನುತ್ತಿದ್ದ. ಅವನ ಹೆಂಡತಿ ಹೊಂಬಾಳಮ್ಮ, ಹೊಟ್ಟೆಯೊಳಗೂ ನಾಲ್ಕು ಗೂಡು ಮಾಡಿಸಿಕೊಂಡುಬಿಡಿ ಎಂದು ಆಡಿಕೊಳ್ಳುತ್ತಿದ್ದಳು. ನಾನು ಮಹದೇವಯ್ಯ, ಅದೇ ಶಾಲೆಯ ಎರಡನೆಯ ಮೇಷ್ಟ್ರು. ಅವನ ಕತೆ ಬರೆಯಬೇಕೆಂದು ಬಹಳ ವರ್ಷದಿಂದ ಇತ್ತು. ಬರೆದರೆ ನನ್ನ ಪಾಲಿನ ತಪ್ಪನ್ನೂ ಬರೆಯಬೇಕಲ್ಲ, ಅದಕ್ಕೇ ಮುಂದೂಡುತ್ತಾ ಬಂದೆ.

ಜವರಯ್ಯ ಪೂರಿಗಾಲಿಯ ಒಕ್ಕಲು ಮನೆಯವನು. ಮಳವಳ್ಳಿಯಲ್ಲಿ ಓದಿ, ಮೇಷ್ಟ್ರ ತರಬೇತಿಗೆಂದು ಮೈಸೂರಿಗೆ ಹೋದವನು ಅಲ್ಲಿ ಒಂದು ಕೊಠಡಿ ನೋಡಿದ. ಒಣಗಿಸಿದ ಗಿಡಗಳನ್ನು ಕಾಗದಕ್ಕೆ ಅಂಟಿಸಿ, ಕುಲಕ್ಕೆ ಕುಲ, ಪಂಗಡಕ್ಕೆ ಪಂಗಡ ಸೇರಿಸಿ ಇಟ್ಟಿದ್ದರಂತೆ. ಅದನ್ನು ನೋಡಿದ ಮೇಲೆ ಅವನು ಮನುಷ್ಯನಾಗಿ ಉಳಿಯಲಿಲ್ಲ ಎಂದು ನಾನು ಗೇಲಿ ಮಾಡುತ್ತಿದ್ದೆ. ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಬೆಳಕವಾಡಿಗೆ ಒಂದು ಮೈಲಿ ಈಚೆಗಿದ್ದ ನಮ್ಮ ಹಳ್ಳಿಯ ಶಾಲೆಗೆ ಬಂದಾಗ ಅವನ ಟ್ರಂಕಿನಲ್ಲಿ ಎರಡು ಪಂಚೆ, ಹಳೆಯದೊಂದು ಇಂಗ್ಲಿಷ್ ಸಸ್ಯಶಾಸ್ತ್ರದ ಪುಸ್ತಕ, ಒಂದು ಭೂತಗನ್ನಡಿ ಇದ್ದವು. ಅದೇ ವರ್ಷ ಮದ್ದೂರಿನ ಶಿವಪುರದ ಕಡೆಯಿಂದ ಹೊಂಬಾಳಮ್ಮನನ್ನು ಮದುವೆಯಾಗಿ ಬಂದ.

ಬಡಗಿ ಮರಿಸಿದ್ದಯ್ಯನ ಕೈಯಲ್ಲಿ ಅರವತ್ತು ಗೂಡಿನ ಒಂದು ಬೀರು ಮಾಡಿಸಿ ನಡುಮನೆಯಲ್ಲಿ ನಿಲ್ಲಿಸಿದ. ತಾಲ್ಲೂಕಿನಲ್ಲಿ ಬೆಳೆಯುವ ಸಕಲ ಗಿಡಗಂಟಿಯೂ ಅದರಲ್ಲಿ ಕೂರಬೇಕು. ಮೊದಲು ಗಿಡವೋ ಬಳ್ಳಿಯೋ ಮರವೋ ನೋಡಬೇಕು, ಆಮೇಲೆ ಎಲೆ, ಆಮೇಲೆ ಹೂವು, ಕೊನೆಗೆ ಬೇರು. ಒಂದು ಸಸ್ಯಕ್ಕೆ ಒಂದು ಗೂಡು, ಒಂದೇ ಗೂಡು. ಎರಡು ಕಡೆ ಕೂರುವ ವಸ್ತು ಇದ್ದರೆ ತಪ್ಪು ನಮ್ಮದು, ವಸ್ತುವಿನದಲ್ಲ ಎನ್ನುತ್ತಿದ್ದ. ಹೊಂಬಾಳಮ್ಮ ಅಕ್ಷರ ಕಲಿತದ್ದೇ ಆ ಗೂಡುಗಳ ಮೇಲೆ ಚೀಟಿ ಬರೆದು. ಅವಳ ಬರವಣಿಗೆ ಗುಂಡಗೆ, ಮುದ್ದಾಗಿತ್ತು. ಗಂಡ ಹೇಳುವನು, ಅವಳು ಬರೆಯುವಳು. ಮಕ್ಕಳಿಲ್ಲದ ಮನೆಯಲ್ಲಿ ಆ ಬೀರುವೇ ಇಬ್ಬರ ಮಗು ಎಂದು ಊರು ಅಂದುಕೊಂಡಿತ್ತು. ನನಗೂ ಹಾಗೇ ಕಾಣುತ್ತಿತ್ತು.

ಗಿಡ ಗೆಡ್ಡೆ ತಂದುಕೊಡುತ್ತಿದ್ದವಳು ಬೀರಮ್ಮ. ಊರಾಚೆಯ ಕೇರಿಯವಳು, ಆಗಲೇ ಅರವತ್ತು ದಾಟಿತ್ತು. ಹೊಳೆ ಆಚೆಯ ಗುಡ್ಡಗಾಡೆಲ್ಲ ಅವಳ ಅಂಗೈಯಲ್ಲಿತ್ತು. ಮೇಷ್ಟ್ರ ಮನೆಗೆ ಬಂದರೆ ಜಗಲಿಯ ಕೆಳಗೇ ನಿಲ್ಲುವಳು. ಒಳಗೆ ಕರೆಯುವ ರೂಢಿ ಆಗ ಇರಲಿಲ್ಲ. ನಾವಿಬ್ಬರೂ ಓದಿದವರೇ, ಕರೆಯಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಬೀರಮ್ಮನಿಗೂ ಒಂದು ವಿಂಗಡಣೆ ಇತ್ತು. ಅವಳದು ನೀರಿನ ಲೆಕ್ಕ. ಕಾಡಿನಿಂದ ತಂದದ್ದನ್ನು ತಿನ್ನುವ ಮೊದಲು ಎಷ್ಟು ಸಲ ಬೇಯಿಸಿ ನೀರು ಬಸಿದು ಚೆಲ್ಲಬೇಕೋ ಅದೇ ಅದರ ಕುಲ. ಒಂದು ನೀರಿನವು, ಮೂರು ನೀರಿನವು, ಏಳು ನೀರಿನವು. ಏಳು ನೀರಿನದನ್ನು ಬಿಲ್ಲೆ ಕೊಯ್ದು, ಮಂಕರಿಯಲ್ಲಿ ತುಂಬಿ, ಹರಿಯುವ ಹೊಳೆಯಲ್ಲಿ ಮೂರು ದಿನ ಮುಳುಗಿಸಿಟ್ಟು, ಆಮೇಲೆ ಏಳು ಸಲ ಬೇಯಿಸಿ ಬಸಿಯಬೇಕು. ಅವಳ ಮೂರು ನೀರಿನ ಕುಲದಲ್ಲಿ ಒಂದು ಸೊಪ್ಪು, ಒಂದು ಕಾಡು ಅವರೆ, ಒಂದು ಗೆಡ್ಡೆ ಒಟ್ಟಿಗೆ ಕೂತಿದ್ದವು. ಇದನ್ನು ಕೇಳಿ ಜವರಯ್ಯ ಬಿದ್ದು ಬಿದ್ದು ನಕ್ಕ. ಸೊಪ್ಪಿಗೂ ಗೆಡ್ಡೆಗೂ ಅದೆಂಥ ನೆಂಟಸ್ತಿಕೆ ಎಂದ. ಒಂದೇ ಮಡಕೆಯ ನೆಂಟರು ಎಂದಳು ಬೀರಮ್ಮ, ನಗದೆ.

ಜವರಯ್ಯನ ವಾದ ಹೀಗಿತ್ತು. ಎಲೆ ಗಿಡದ್ದು, ಹೂವು ಗಿಡದ್ದು, ಆದರೆ ನೀರು ಒಲೆಯದು. ಒಲೆಯ ಸಂಗತಿಯನ್ನು ತಂದು ಗಿಡಕ್ಕೆ ಕುಲ ಕಟ್ಟಿದರೆ ಅದು ಶಾಸ್ತ್ರವಾಗುವುದಿಲ್ಲ, ಅಡುಗೆಯಾಗುತ್ತದೆ. ಕೇಳಲು ಚೆನ್ನಾಗಿತ್ತು. ನಾನೂ ತಲೆಯಾಡಿಸಿದೆ.

ಹೀಗಿರುವಾಗ ಏಳನೆಯ ಗೂಡಿನ ಸಂಗತಿ ಬಂತು. ನಮ್ಮ ಕಡೆ ಮುಳ್ಳುಬಳ್ಳಿಯ ಗೆಣಸು ಎರಡು ಬಗೆ. ಎರಡರ ಬಳ್ಳಿಗೂ ಮುಳ್ಳು, ಎರಡರ ಎಲೆಯೂ ಬೆರಳು ಬೆರಳು. ಒಂದಕ್ಕೆ ಮೂರು ಬೆರಳಿನ ಎಲೆ, ಇನ್ನೊಂದಕ್ಕೆ ಐದು. ಆದರೆ ಐದರ ಬಳ್ಳಿಯಲ್ಲೂ ಅಲ್ಲಲ್ಲಿ ಮೂರು ಬೆರಳಿನ ಎಲೆ ಬರುವುದನ್ನು ಜವರಯ್ಯ ಭೂತಗನ್ನಡಿ ಹಿಡಿದು ಕಂಡುಹಿಡಿದ. ಹಾಗಾದರೆ ಎರಡೂ ಒಂದೇ ಎಂದು ತೀರ್ಮಾನಿಸಿ ಒಂದೇ ಗೂಡಿನಲ್ಲಿಟ್ಟ. ಹೊಂಬಾಳಮ್ಮ ಚೀಟಿ ಬರೆದಳು: ಮುಳ್ಳುಬಳ್ಳಿ ಗೆಣಸು, ಬೇಯಿಸಿ ತಿನ್ನಬಹುದು.

ಬೀರಮ್ಮ ಅಂಗಳದಿಂದಲೇ ಬಾಗಿಲೊಳಗೆ ನೋಡಿ, ಆ ಎರಡು ಗೆಡ್ಡೆ ಒಟ್ಟಿಗಿದ್ದುದನ್ನು ಕಂಡಳು.

"ಬುದ್ದಿ, ಅವೆರಡನ್ನ ಒಂದೇ ಗೂಡ್ನಲ್ಲಿ ಮಡಗಬ್ಯಾಡಿ. ಒಂದು ಬರೀ ಒಂದೇ ನೀರಿಂದು, ಇನ್ನೊಂದು ಏಳು ನೀರಿಂದು. ಅವು ಒಂದು ಕಡೆ ಇರಾಕಿಲ್ಲ."

ಎಲೆ ನೋಡು ಬೀರಮ್ಮ ಎಂದು ಇವನು ತೋರಿಸಲು ಹೋದ. ಅವಳು ಎಲೆ ನೋಡಲಿಲ್ಲ. ಗೆಡ್ಡೆ ಅಗೆಯುವುದು ಮಾಗಿಯಲ್ಲಿ, ಆಗ ಬಳ್ಳಿಯೇ ಒಣಗಿ ಎಲೆ ಉದುರಿರುತ್ತದೆ, ನಿಮ್ಮ ಎಲೆ ಕಟ್ಟಿಕೊಂಡು ಏನು ಮಾಡಲಿ ಎಂದು ಗೊಣಗುತ್ತಾ ಹೋದಳು. ಹೋಗುವಾಗ ಎರಡು ಸಲ ತಿರುಗಿ ಬೀರುವಿನ ಕಡೆ ನೋಡಿದಳು. ಇದು ನಲವತ್ತೊಂದರ ಮಾತು. ಮುಂದೆ ನಾಲ್ಕೈದು ವರ್ಷ ಆ ಚೀಟಿ ಯಾರಿಗೂ ಏನೂ ಮಾಡದೆ ಅಲ್ಲೇ ಅಂಟಿಕೊಂಡಿತ್ತು.

ನಲವತ್ತೈದರಲ್ಲಿ ಯುದ್ಧ ಮುಗಿಯಿತು, ಮಳೆಯೂ ಕೈಕೊಟ್ಟಿತು. ರಾಗಿ ಅಳತೆಯ ಮೇಲೆ ಸಿಗುತ್ತಿತ್ತು, ಆ ಅಳತೆಯೂ ವಾರದಿಂದ ವಾರಕ್ಕೆ ಕುಗ್ಗಿತು. ಮಳವಳ್ಳಿಯಲ್ಲಿ ಕೆಲವು ಹಿರಿಯರು ಸೇರಿ ಒಂದು ಸಮಿತಿ ಮಾಡಿಕೊಂಡು, ಕಾಡಿನಲ್ಲಿ ಸಿಗುವ ತಿನ್ನಬಹುದಾದ ಸೊಪ್ಪು ಗೆಡ್ಡೆಗಳ ಪಟ್ಟಿ ಮಾಡಿಕೊಡಿ ಎಂದು ಜವರಯ್ಯನಿಗೆ ಹೇಳಿಕಳಿಸಿದರು. ಅವನ ಖುಷಿ ನೋಡಬೇಕಿತ್ತು. ಏಳು ವರ್ಷ ಗೂಡು ತುಂಬಿದ್ದು ಈಗ ಊರಿನ ಹೊಟ್ಟೆ ತುಂಬಿಸುತ್ತದೆ ಎಂದ. ಗೂಡಿನ ಚೀಟಿಗಳನ್ನೇ ನೋಡಿ ನೋಡಿ ಹೊಂಬಾಳಮ್ಮ ಪಟ್ಟಿ ಬರೆದಳು. ಮಂಡ್ಯದಲ್ಲಿ ಮುನ್ನೂರು ಪ್ರತಿ ಅಚ್ಚಾಗಿ ಬಂತು. ಏಳನೆಯ ಸಾಲಿನಲ್ಲಿ ಮುಳ್ಳುಬಳ್ಳಿ ಗೆಣಸು, ಬೇಯಿಸಿ ತಿನ್ನಬಹುದು ಎಂದಿತ್ತು.

ಹಂಚುವ ಕೆಲಸ ನನ್ನದು. ಯಾವ ಹಳ್ಳಿಗೆ ಎಷ್ಟು ಪ್ರತಿ ಎಂದು ಬರೆದಿಟ್ಟುಕೊಂಡೆ. ಆ ದಿನ ಹೊಂಬಾಳಮ್ಮ ತನಗೂ ಒಂದು ಬೇಕೆಂದಳು. ತಾನು ಬರೆದದ್ದು ಅಚ್ಚಾಗಿದೆ, ಗೋಡೆಗೆ ಅಂಟಿಸುತ್ತೇನೆ ಎಂದಳು. ಕಟ್ಟಿನಿಂದ ಒಂದನ್ನು ಎಳೆದು ಕೊಟ್ಟವನು ನಾನೇ. ಅವಳು ಅದನ್ನು ಅಡುಗೆಮನೆಯಲ್ಲಿ ಒಲೆಯ ಪಕ್ಕಕ್ಕೆ ಅಂಟಿಸಿದಳು. ಒಂದೇ ಕಾಗದ, ಮನೆಯದೇ ಎಂದು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಊರಿನ ಬಾಯಿ ಸುಮ್ಮನಿರುತ್ತದೆಯೇ? ನಮಗೆ ಗೆಡ್ಡೆ ತಿನ್ನಿ ಅಂತ ಕಾಗದ ಹಂಚಿ ಮೇಷ್ಟ್ರು ಮಾತ್ರ ರಾಗಿಮುದ್ದೆ ನುಂಗುತ್ತಾರೆ ಎಂದು ಬಾವಿಕಟ್ಟೆಯಲ್ಲಿ ಯಾರೋ ಅಂದರು. ಹೊಂಬಾಳಮ್ಮ ಅದನ್ನು ಕೇಳಿಸಿಕೊಂಡಳು. ಅವಳು ಬಲು ಸ್ವಾಭಿಮಾನದ ಹೆಂಗಸು. ಊರಿಗೆಲ್ಲ ತಿನ್ನಿ ಅಂದಮೇಲೆ ಮೊದಲು ನಾವು ತಿನ್ನಬೇಕು ಎಂದು ನನ್ನೆದುರಿಗೇ ಗಂಡನಿಗೆ ಹೇಳಿದಳು. ಅವನು ಪುಸ್ತಕದಿಂದ ತಲೆ ಎತ್ತದೆ ಹೂಂ ಎಂದ. ಅವಳು ಮದ್ದೂರು ಸೀಮೆಯ ಬಯಲಿನಲ್ಲಿ ಬೆಳೆದವಳು, ಕಾಡಿನ ಗೆಡ್ಡೆ ಅಗೆದು ಕಂಡವಳಲ್ಲ. ಇದು ನಮ್ಮಿಬ್ಬರಿಗೂ ಗೊತ್ತಿತ್ತು.

ಹಂಚಿ ಎಂಟು ದಿನವಾಗಿತ್ತು. ಬೆಳಿಗ್ಗೆ ಶಾಲೆಯ ಬಾಗಿಲಿಗೆ ಬೀರಮ್ಮ ಬಂದು ನಿಂತಳು. ಪೂರಿಗಾಲಿಯ ಹತ್ತಿರ ಕುರಿಹಟ್ಟಿಯವರ ನಾಯಿ ಸತ್ತಿದೆ ಎಂದಳು. ಯಾರೋ ಕಾಗದ ಓದಿ ಹೇಳಿದರಂತೆ, ಅವರು ಗೆಣಸು ಬೇಯಿಸಿದರಂತೆ, ಬಿಸಿ ಆರಲೆಂದು ಇಟ್ಟಿದ್ದನ್ನು ನಾಯಿ ಕದ್ದು ತಿಂದಿತಂತೆ. ಸಂಜೆಗೆ ಅದರ ಕಾಲು ಸೆಟೆದವಂತೆ. ಆ ಕಾಗದದಲ್ಲಿ ಏನಿದೆ ಓದಿ ಎಂದು ಕೇಳಿದಳು.

ನಾನು ಓದಿದೆ. ಏಳನೆಯ ಸಾಲು ಮುಗಿಯುವ ಹೊತ್ತಿಗೆ ಬೀರಮ್ಮ ಕೈ ಅಡ್ಡ ಹಿಡಿದು ತಡೆದಳು.

"ಎರಡಕ್ಕೂ ಒಂದೇ ನೀರು ಬರ್ದುಬುಟ್ರಾ ಬುದ್ದಿ? ಅಯ್ಯೋ, ನಮ್ಮ ಕೇರಿಯೋರು ತಿನ್ನಾಕಿಲ್ಲ, ನಮಗೆ ಗೊತ್ತದೆ. ಓದ್ದೋರು ತಿಂತಾರಲ್ಲ."

ಜವರಯ್ಯ ಒಳಗಿನಿಂದ ಕೇಳಿಸಿಕೊಂಡು ಎದ್ದು ಬಂದ. ಮಕ್ಕಳನ್ನು ಮನೆಗೆ ಕಳಿಸಿ, ಅಂಗಡಿಯಿಂದ ಎರಡು ಬಾಡಿಗೆ ಸೈಕಲ್ಲು ತಂದೆವು. ಒಂದು ಮಾತು ಮನೆಗೆ ಹೋಗಿ ಹೇಳಿ ಹೊರಡೋಣ ಎಂದು ನಾನು ಅಂದೆ. ಅವನು ಬೇಡವೆಂದ, ಬೀರಮ್ಮನಿಗೂ ಮನೆಯಲ್ಲಿ ತಿಳಿಸಬೇಡ ಎಂದ.

"ಅವಳಿಗೆ ಹೇಳಬ್ಯಾಡ ಕಣಯ್ಯ. ಬರ್ದಿರೋದು ಅವಳ ಕೈ. ನನ್ನ ಕೈಯಿಂದ ಒಂದು ನಾಯಿ ಸತ್ತೋಯ್ತು ಅಂತ ಎದೆ ಒಡ್ಕತಾಳೆ. ಎಲ್ಲಾ ವಾಪಸ್ ತಕ್ಕಂಡು ಸುಟ್ಟಾಕಿ, ಆಮೇಲೆ ಹೇಳಾನ."

ಹೆಂಡತಿಯ ಮೇಲಿನ ಮಮತೆಯಿಂದ ಆಡಿದ ಮಾತು ಅದು. ನನಗೂ ಸರಿ ಎನಿಸಿತು. ಮನೆ ಶಾಲೆಯಿಂದ ಇನ್ನೂರು ಹೆಜ್ಜೆ. ನಾವು ಅದಕ್ಕೆ ಬೆನ್ನು ಹಾಕಿ ಮಳವಳ್ಳಿ ರಸ್ತೆ ಹಿಡಿದೆವು.

ಆ ಮೂರು ದಿನ ನಾವು ತುಳಿದ ಸೈಕಲ್ಲು ಜನ್ಮಕ್ಕೆ ಸಾಕು. ಚಾವಡಿಯ ಕಂಬಕ್ಕೆ ಅಂಟಿಸಿದ್ದನ್ನು ಉಗುರಿನಿಂದ ಕೆರೆದು ಕಿತ್ತೆವು. ಒಂದು ಕಡೆ ಅಂಗಡಿಯವನು ಅದರಲ್ಲಿ ಬೆಲ್ಲ ಕಟ್ಟಿ ಕೊಟ್ಟುಬಿಟ್ಟಿದ್ದ, ಕೊಂಡವರ ಮನೆ ಹುಡುಕಿ ಹೋದೆವು. ಒಂದು ಮನೆಯಲ್ಲಿ ಗೆಡ್ಡೆ ಒಲೆಯ ಮೇಲೆ ಕುದಿಯುತ್ತಿತ್ತು. ಜವರಯ್ಯ ಹೇಳದೆ ಕೇಳದೆ ಒಳಗೆ ನುಗ್ಗಿ ಮಡಕೆಯನ್ನು ತಿಪ್ಪೆಗೆ ಸುರಿದ. ಹಸಿದವರ ಮಡಕೆ ಅದು, ಆ ಮನೆಯ ಮುದುಕ ದೊಣ್ಣೆ ಎತ್ತಿಕೊಂಡು ಬಂದ. ಹೊಡಿ, ಆದರೆ ಕಾಗದ ಕೊಡು ಎಂದು ಇವನು ತಲೆ ಬಗ್ಗಿಸಿ ನಿಂತ. ದಾರಿಯಲ್ಲಿ ಎಲ್ಲಿ ಮಗು ಅಳುವ ಸದ್ದು ಕೇಳಿದರೂ ಸೈಕಲ್ಲಿನಿಂದ ಇಳಿಯುತ್ತಿದ್ದ. ರಾತ್ರಿ ಯಾರದೋ ಜಗಲಿಯಲ್ಲಿ ಮಲಗಿದರೆ, ನೂರ ಎಂಬತ್ತು, ನೂರ ಎಂಬತ್ತೊಂದು ಎಂದು ಕಾಗದ ಎಣಿಸುತ್ತಿದ್ದ. ಅಷ್ಟೂ ಊರಿನಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ. ನಾಯಿಯ ಸುದ್ದಿ ನಮಗಿಂತ ಮುಂದೆ ಓಡಿತ್ತು.

ಮೂರನೆಯ ದಿನ ಮಧ್ಯಾಹ್ನ ಶಿವನಸಮುದ್ರದ ದಾರಿಯ ಕೊನೆಯ ಹಳ್ಳಿಯಲ್ಲಿ ಎಣಿಕೆ ಮುಗಿಯಿತು. ಇನ್ನೂರ ತೊಂಬತ್ತೊಂಬತ್ತು. ನಾನು ನನ್ನ ಪಟ್ಟಿ ತೆಗೆದು ನೋಡಿದೆ. ಎಲ್ಲಾ ಹಳ್ಳಿಯದೂ ಬಂದಿತ್ತು. ಒಂದು ಎಲ್ಲೋ ಹಾಳಾಗಿರಬೇಕು ಎಂದು ಬಾಯಿ ತೆರೆದವನಿಗೆ ಒಲೆಯ ಪಕ್ಕದ ಗೋಡೆ ಕಣ್ಣೆದುರಿಗೆ ಬಂತು. ದೀಪದ ಕೆಳಗೆ ಕತ್ತಲೆ ಎಂದು ಮಕ್ಕಳಿಗೆ ಸಾವಿರ ಸಲ ಹೇಳಿಕೊಟ್ಟಿದ್ದೇನೆ. ಅವನ ಮುಖ ನೋಡದೆ ಹೇಳಿದೆ: "ಜವರಯ್ಯ, ಆ ಒಂದು ನಿಮ್ಮ ಅಡುಗೆಮನೇಲದೆ. ಕೊಟ್ಟಿದ್ದು ನಾನೇ ಕಣಯ್ಯ."

ಅವನು ಸೈಕಲ್ಲು ತಿರುಗಿಸಿದ. ಆರು ಮೈಲಿ ದಾರಿ. ಅವನ ಹಿಂದೆ ತುಳಿಯುತ್ತಾ, ಹೊಂಬಾಳಮ್ಮನ ಮನೆಯಲ್ಲಿ ರಾಗಿ ಇದೆ, ಸಂಬಳದವರ ಮನೆಯಲ್ಲಿ ಯಾರು ಗೆಡ್ಡೆ ತಿನ್ನುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೊದಲು ನಾವು ತಿನ್ನಬೇಕು ಎಂದ ಅವಳ ಮಾತು ಮಾತ್ರ ಕಿವಿ ಬಿಡಲಿಲ್ಲ.

ಮನೆಯ ಮುಂದೆ ಜನ ಸೇರಿದ್ದರು. ಹೊಂಬಾಳಮ್ಮ ನಡುಮನೆಯಲ್ಲಿ ಬೀರುವಿನ ಕೆಳಗೆ ಚಾಪೆಯ ಮೇಲೆ ಮಲಗಿದ್ದಳು. ಹಿಂದಿನ ದಿನ ಮಧ್ಯಾಹ್ನ ಆ ಗೆಣಸು ಬೇಯಿಸಿ ಉಂಡಿದ್ದಳು. ಬಾಯಿ ಗಂಟಲು ಉರಿಯೆಂದು ವಾಂತಿ ಮಾಡಿಕೊಂಡು, ಆಮೇಲೆ ಮಂಪರು, ಆಮೇಲೆ ಕೈಕಾಲು ಸೆಳೆತ. ಮಳವಳ್ಳಿಯಿಂದ ಬಂದ ಡಾಕ್ಟರು ಕೈ ಚೆಲ್ಲಿ ಹೋಗಿದ್ದರು. ಯಾರೋ ಕರೆದರೆಂದು ಬೀರಮ್ಮ ಒಳಗೆ ಬಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಆ ಮುದುಕಿ ಆ ಮನೆಯ ಹೊಸಿಲು ದಾಟಿದ್ದು ಅದೇ ಮೊದಲು. ಒಲೆಯ ಪಕ್ಕದಲ್ಲಿ ಒಂದು ತಟ್ಟೆ ಮುಚ್ಚಿಟ್ಟಿತ್ತು, ಗಂಡನ ಪಾಲು.

ಗೆಡ್ಡೆ ಮಾರಿದವಳು ದೇವಿರಮ್ಮ ಎಂಬ ಹೆಂಗಸು. ಅವಳು ಬಾಗಿಲಲ್ಲಿ ನಿಂತು ಅಳುತ್ತಾ ನಡೆದದ್ದನ್ನು ಹೇಳಿದಳು.

"ನೀರು ಗೊತ್ತೇನವ್ವಾ ಅಂತ ಕೇಳ್ದೆ ಕಣಪ್ಪ. ನಗ್ತಾ ಅಂದ್ಲು, ನಮಗೆ ಗೊತ್ತಿಲ್ದೆ ಇದ್ದದಾ, ಬರ್ದೋರೇ ನಾವು ಅಂತ."

ಬೆಳಕು ಹೋಗುವ ಮೊದಲೇ ಹೊಂಬಾಳಮ್ಮ ತೀರಿಕೊಂಡಳು. ಅವಳಿಗೆ ಇಪ್ಪತ್ತಾರು ವರ್ಷ.

ತಿಂಗಳಾದ ಮೇಲೆ ಜವರಯ್ಯ ಬೀರುವಿನ ಅರವತ್ತು ಗೂಡನ್ನೂ ನೆಲಕ್ಕೆ ಸುರಿದ. ಬೀರಮ್ಮನನ್ನು ಕರೆದು ನಡುಮನೆಯಲ್ಲಿ ಕೂರಿಸಿ, ಅವಳು ಹೇಳಿದ ಹಾಗೆ ಒಂದೊಂದನ್ನೇ ಎತ್ತಿಟ್ಟ. ಮೇಲಿನ ಸಾಲು ಒಂದು ನೀರಿನವು, ನಡುವಿನದು ಮೂರು ನೀರಿನವು, ತಳದ್ದು ಏಳು ನೀರಿನವು. ಅವಳು ಕೊಯ್ದ ಗೆಡ್ಡೆಯನ್ನು ಮೊಣಕೈ ಒಳಮೈಗೆ ಉಜ್ಜಿ ತುರಿಕೆ ನೋಡುವುದನ್ನು ಇವನೂ ಕಲಿತ. ಅವನ ತೋಳು ಸದಾ ದದ್ದು ಎದ್ದು ಕೆಂಪಗಿರುತ್ತಿತ್ತು. ಶಾಸ್ತ್ರ ಅಂದರೆ ಅವನಿಗೆ ಈಗಲೂ ಅಷ್ಟೇ ಗೌರವ. ಒಂದು ವಸ್ತುವಿಗೆ ಎರಡು ಮೂರು ಗೂಡು ಇರಬಹುದು, ಕೊಲ್ಲುವ ಗುಣವನ್ನು ಬಿಟ್ಟ ಗೂಡು ಮಾತ್ರ ಗೂಡಲ್ಲ ಎನ್ನುತ್ತಿದ್ದ. ಊರವರು ಅವನಿಗೆ ತಲೆ ಕೆಟ್ಟಿದೆ ಅಂದರು. ಕೆಟ್ಟಿರಲಿಲ್ಲ.

ನಲವತ್ತೇಳರ ಸ್ವಾತಂತ್ರ್ಯದ ಬಾವುಟ ಏರಿ ತಿಂಗಳಾಗಿರಬಹುದು, ಯಾವುದೋ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಹೆಸರು ಬೇಡ, ಒಳ್ಳೆಯ ಮನುಷ್ಯರೇ. ಆಹಾರದ ಅಭಾವ ಇನ್ನೂ ಇದೆ, ಎಲ್ಲಾ ತಾಲ್ಲೂಕಿಗೂ ಸೇರಿ ಒಂದು ದೊಡ್ಡ ಪಟ್ಟಿ ಮಾಡುತ್ತಿದ್ದೇವೆ, ನಿಮ್ಮ ಸಂಗ್ರಹ ಬೇಕು ಎಂದರು. ಬೀರುವನ್ನು ನೋಡಿ ಮೆಚ್ಚಿದರು. ಆಮೇಲೆ ಮೆಲ್ಲಗೆ, ಈ ನೀರಿನ ಲೆಕ್ಕ ಅಡುಗೆಯ ವಿಷಯವಲ್ಲವೇ, ಎಲೆಯ ಕ್ರಮದಲ್ಲಿ ಇಟ್ಟರೆ ಶಾಸ್ತ್ರೀಯವಾಗುತ್ತದೆ ಎಂದರು. ಆರು ವರ್ಷದ ಹಿಂದೆ ಇವನೇ ಆಡಿದ ಮಾತು.

ಜವರಯ್ಯ ಎದ್ದು ಒಳಗೆ ಹೋಗಿ ಒಂದು ತಟ್ಟೆ ತಂದಿಟ್ಟ. ಬೇಯಿಸಿದ ಗೆಡ್ಡೆಯ ಎರಡು ಬಿಲ್ಲೆ, ಎರಡೂ ಬೆಳ್ಳಗೆ. ಒಂದು ತಿನ್ನುವಂಥದ್ದು, ಒಂದು ಅಲ್ಲ, ಆರಿಸಿ ಎಂದ. ಅವರು ಬಗ್ಗಿ ನೋಡಿದರು, ಮೂಸಿದರು. ಬೆರಳು ಒಂದರ ಹತ್ತಿರ ಹೋಗಿ ಹಿಂದೆ ಬಂತು.

"ನನ್ನ ಹೆಂಡ್ತಿಗೂ ಗೊತ್ತಾಗ್ಲಿಲ್ಲ ಸ್ವಾಮಿ" ಎಂದ ಜವರಯ್ಯ.

ಅವರು ಪುಸ್ತಕ ತೆಗೆದು, ಬೀರಮ್ಮನನ್ನು ಕರೆಸಿ, ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡರು. ಒಂದು ನೀರು, ಮೂರು ನೀರು, ಏಳು ನೀರು, ಒಂದೂ ಬಿಡಲಿಲ್ಲ. ಹೊರಡುವಾಗ ಅವಳಿಗೆ ಕೈ ಮುಗಿದರು. ಆ ಸಂಜೆ ಜವರಯ್ಯ ಎರಡು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡ.

ಡಿಸೆಂಬರಿನಲ್ಲಿ ಶಾಲೆಗೆ ಒಂದು ಕಟ್ಟು ಬಂತು. ಹೊಸ ಪಟ್ಟಿ, ಒಳ್ಳೆಯ ಕಾಗದ, ಅಂದವಾದ ಅಚ್ಚು. ನಾನೇ ಬಿಚ್ಚಿದೆ. ಬರೆದುಕೊಂಡು ಹೋದವರ ಮೇಲೆ ಇನ್ನೊಬ್ಬರು, ಅವರ ಮೇಲೆ ಮತ್ತೊಬ್ಬರು ಇರುತ್ತಾರಲ್ಲ, ಯಾರೋ ಕೂತು ಎಲ್ಲವನ್ನೂ ಎಲೆಯ ಕ್ರಮಕ್ಕೆ ತಂದಿದ್ದರು. ನೀರಿನ ಲೆಕ್ಕ ಎಲ್ಲೂ ಇರಲಿಲ್ಲ. ಮುಳ್ಳುಬಳ್ಳಿ ಗೆಣಸು, ಎಲೆ ಮೂರರಿಂದ ಐದು, ಬೇಯಿಸಿ ತಿನ್ನಬಹುದು. ಕೊನೆಯಲ್ಲಿ ಜವರಯ್ಯನ ಹೆಸರು ಹಾಕಿ ವಂದನೆ ಹೇಳಿದ್ದರು.

ಅವನು ಓದಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡ. ಎಷ್ಟು ಪ್ರತಿ ಎಂದು ಕೇಳಿದ. ಕಟ್ಟಿನ ಜೊತೆ ಬಂದ ಪತ್ರದಲ್ಲಿ ಹತ್ತು ಸಾವಿರ ಎಂದಿತ್ತು, ಆಗಲೇ ಎಲ್ಲಾ ತಾಲ್ಲೂಕಿಗೂ ಹೋಗಿದ್ದವು. ಅವನು ಮೂಲೆಯಲ್ಲಿದ್ದ ಸೈಕಲ್ಲಿನ ಗಾಳಿಪಂಪು ಎತ್ತಿಕೊಂಡು ಬಾಗಿಲಿಗೆ ನಡೆದ.

"ಬಾ ಮಾದೇವಯ್ಯ. ಈ ಸಲ ಮೊದ್ಲು ನಮ್ಮೂರು. ಒಂದು ಅಡುಗೆಮನೇನೂ ಬುಡಬಾರ್ದು."

ನಾನು ಎದ್ದು ಹಿಂದೆ ಹೋದೆ.